ಕಡು ಬಣ್ಣದ ಬಟ್ಟೆಗೆ ಬಿಳಿ ಕಲೆ ತಾಗದಂತೆ ಡಿಯೋಡರೆಂಟ್ ಆರಿಸುವುದು, ಹಚ್ಚುವುದು ಹೇಗೆ?

ತಂಗಿಯ ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ. ಧಾರೆಯ ಹೊತ್ತು, ನಾನು ಅಕ್ಷತೆ ಹಾಕಲು ಕೈ ಎತ್ತಿದ್ದೇನೆ. ಕಡು ಹಸಿರು ರೇಷ್ಮೆ ಕುಪ್ಪಸದ ಕಂಕುಳಲ್ಲಿ ಗೋಡೆಗೆ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಆಲ್ಬಮ್ ತಿರುವುವವರು ವಧೂವರರನ್ನು ನೋಡಿ ಮುಂದಿನ ಪುಟಕ್ಕೆ ಹೋಗುತ್ತಾರೆ. ನನ್ನ ಕಣ್ಣು ಮಾತ್ರ ಆ ಪಟ್ಟೆಯಿಂದ ಕದಲುವುದಿಲ್ಲ.

ಅಂದು ಬೆಳಿಗ್ಗೆ ನಡೆದದ್ದು ಇಷ್ಟು. ಛತ್ರದ ಕೋಣೆಯಲ್ಲಿ ಏಳು ಮಂದಿ ಹೆಂಗಸರಿಗೆ ಒಂದೇ ಕನ್ನಡಿ. ಬಾಗಿಲಾಚೆಯಿಂದ "ಬೇಗ ಬಾರೇ, ಮುಹೂರ್ತ ಮೀರುತ್ತದೆ" ಎಂದು ದೊಡ್ಡಮ್ಮನ ಕೂಗು. ಸ್ನಾನ ಮುಗಿಸಿದ ಒದ್ದೆ ಮೈಗೇ ರೋಲ್ ಆನ್ ಅನ್ನು ನಾಲ್ಕೈದು ಸಲ ಎಳೆದು, ಅದರ ಮೇಲೆ ಒಂದಿಷ್ಟು ಪೌಡರ್ ತಟ್ಟಿ, ತಕ್ಷಣ ಕುಪ್ಪಸ ತೊಟ್ಟೆ. ಈ ಒಂದೇ ವಾಕ್ಯದಲ್ಲಿ ನಾಲ್ಕು ತಪ್ಪುಗಳಿವೆ: ಒದ್ದೆ ಮೈ, ಅತಿಯಾದ ಪ್ರಮಾಣ, ಪೌಡರ್, ಅವಸರ. ಆಗ ನಾನು ಬೈದದ್ದು ಮಾತ್ರ ಬಾಟಲಿಯನ್ನು.

ಬಿಳಿ ಬರುವುದು ಎಲ್ಲಿಂದ?

ಅಜ್ಜ ವಿಭೂತಿ ಧರಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರಿನಲ್ಲಿ ಕಲಸಿ ಹಣೆಗೆ ಎಳೆದ ಕ್ಷಣ ಮೂರು ಬೆರಳಿನ ಗೆರೆ ಮಸುಕಾಗಿ, ಇದೆಯೋ ಇಲ್ಲವೋ ಎಂಬಂತಿರುತ್ತದೆ. ಅಜ್ಜ ಸಂಧ್ಯಾವಂದನೆ ಮುಗಿಸುವ ಹೊತ್ತಿಗೆ ಅದೇ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಪುಡಿಯ ಕಣಗಳ ನಡುವೆ ನೀರು ಇರುವಷ್ಟು ಹೊತ್ತು ಬೆಳಕು ಹೆಚ್ಚು ಚದುರದೆ ದಾಟಿಹೋಗುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದಾಗ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಹಾಗೆ ಚದುರಿದ ಬೆಳಕೇ ನಮಗೆ ಬಿಳಿಯಾಗಿ ಕಾಣುವುದು.

ಕಂಕುಳಲ್ಲಿ ಆಗುವುದೂ ಇದೇ. ಬೆವರು ತಡೆಯುವ ಉತ್ಪನ್ನಗಳಲ್ಲಿ ಅಲ್ಯೂಮಿನಿಯಂ ಲವಣಗಳಿರುತ್ತವೆ. ಅವು ಬೆವರಿನಲ್ಲಿ ಕರಗಿ, ಬೆವರು ನಾಳದ ಬಾಯಿಯಲ್ಲಿ ಲೋಳೆಯಂಥ ಬಿರಡೆಯಾಗಿ ಕೂರುತ್ತವೆ. ಹಾಗೆ ಒಳಸೇರದೆ ಚರ್ಮದ ಮೇಲೆ ಉಳಿದದ್ದು ಒಣಗಿ ಪುಡಿಯಾಗುತ್ತದೆ. ಗಟ್ಟಿ ಕಡ್ಡಿಯಂತಿರುವ ಸ್ಟಿಕ್ ಆದರೆ ಆ ಪುಡಿಯ ಜೊತೆ ಮೇಣವೂ ಇರುತ್ತದೆ. ಹಸಿಯಿದ್ದಾಗ ಬಟ್ಟೆ ತಾಗಿದರೆ ನೂಲಿನೊಳಗೆ ಇಳಿದು ಅಲ್ಲೇ ಒಣಗುತ್ತದೆ. ಅತಿಯಾಗಿ ಹಚ್ಚಿದ್ದರೆ ಒಣಗಿದ ಮೇಲೂ ಉದುರಿ ಅಂಟುತ್ತದೆ. ಎರಡೂ ಬೇಡವಾದರೆ ಕಡಿಮೆ ಹಚ್ಚಬೇಕು, ಆರಲು ಬಿಡಬೇಕು. ಉಳಿದ ಎಲ್ಲ ಉಪಾಯಗಳೂ ಇವೆರಡರ ಕೆಳಗೇ ಬರುತ್ತವೆ.

ಆದರೆ ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳಿ: ನಿಮ್ಮ ಅಂಗಿಯ ಬಿಳಿ ಕಲೆ ಡಿಯೋಡರೆಂಟಿನದೇ ಹೌದೇ? ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ಓಡಾಡಿದವರ ಕಪ್ಪು ಅಂಗಿಯನ್ನು ಸಂಜೆ ನೋಡಿ. ಒಣ ಗಾಳಿಗೆ ಬೆವರಿನ ನೀರು ಹಾರಿಹೋಗಿ ಉಪ್ಪು ಉಳಿದಿರುತ್ತದೆ. ಆ ಕಲೆ ನಕ್ಷೆಯ ಗಡಿಯಂತೆ ಅಂಕುಡೊಂಕಾದ ಅಂಚು ಕಟ್ಟಿರುತ್ತದೆ, ಕಂಕುಳಲ್ಲಷ್ಟೇ ಅಲ್ಲದೆ ಬೆನ್ನಿನ ಮೇಲೂ ಇರುತ್ತದೆ, ಒದ್ದೆ ಬೆರಳು ತಾಗಿಸಿದರೆ ಕರಗುತ್ತದೆ. ಡಿಯೋಡರೆಂಟಿನ ಕಲೆ ಬಳಪ ಉಜ್ಜಿದಂತೆ ಗೀರುಗೀರಾಗಿ, ಕಂಕುಳ ಸುತ್ತ ಮಾತ್ರ ಇರುತ್ತದೆ; ನೀರಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ಉಪ್ಪಿನ ಕಲೆಗೆ ಡಿಯೋಡರೆಂಟ್ ಬದಲಿಸಿ ಏನೂ ಪ್ರಯೋಜನವಿಲ್ಲ, ಅಂಗಿಯನ್ನು ಅಂದೇ ನೀರಿಗೆ ಹಾಕಿದರೆ ಸಾಕು.

ಅಂಗಡಿಯಲ್ಲಿ: ಒಂದು ಹೆಸರು, ಎರಡು ವಸ್ತು

ನಮ್ಮಲ್ಲಿ ಎಲ್ಲವೂ 'ಡಿಯೋ'. ಗೊಂದಲ ಶುರುವಾಗುವುದೇ ಇಲ್ಲಿಂದ. ಡಿಯೋಡರೆಂಟ್ ವಾಸನೆಗೆ, ಆ್ಯಂಟಿಪರ್ಸ್ಪಿರಂಟ್ ಬೆವರಿಗೆ. ಬೆವರಿಗೆ ತಾನಾಗಿ ಹೆಚ್ಚು ವಾಸನೆಯಿಲ್ಲ. ಕಂಕುಳಲ್ಲಿ ಹರೆಯಕ್ಕೆ ಬಂದ ಮೇಲೆ ಕೆಲಸ ಆರಂಭಿಸುವ ಒಂದು ಬಗೆಯ ಗ್ರಂಥಿಗಳಿವೆ, ಅವುಗಳ ಸ್ರಾವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ನಾತ ಹುಟ್ಟುತ್ತದೆ. ಡಿಯೋಡರೆಂಟ್ ಆ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ ಅಥವಾ ಸುಗಂಧದಿಂದ ಮುಚ್ಚುತ್ತದೆ. ಬೆವರು ಕಡಿಮೆ ಮಾಡುವುದು ಅಲ್ಯೂಮಿನಿಯಂ ಲವಣದ ಕೆಲಸ, ಬಿಳಿ ಕಲೆಯ ಮುಖ್ಯ ಆರೋಪಿಯೂ ಅದೇ. ನಿಮ್ಮ ತೊಂದರೆ ವಾಸನೆ ಮಾತ್ರವಾಗಿದ್ದರೆ ಅಲ್ಯೂಮಿನಿಯಂ ಇರುವ ಉತ್ಪನ್ನ ನಿಮಗೆ ಬೇಕಾಗಿಯೇ ಇಲ್ಲ. ಕಲೆಯ ಅರ್ಧ ಸಮಸ್ಯೆ ಅಂಗಡಿಯಲ್ಲೇ ಮುಗಿಯುತ್ತದೆ.

ಡಬ್ಬಿಯ ಮುಂಭಾಗದಲ್ಲಿ ಬರೆದದ್ದನ್ನು ಓದಬೇಡಿ, ಹಿಂದೆ ತಿರುಗಿಸಿ. ಅಕ್ಷರ ಇರುವೆಯಷ್ಟಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿಕೊಳ್ಳಿ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಆದ್ದರಿಂದ ಮೊದಲ ಐದಾರು ಹೆಸರು ಸಾಕು. ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಅಥವಾ ಅಲ್ಯೂಮಿನಿಯಂ ಜಿರ್ಕೋನಿಯಂ ಎಂದು ಆರಂಭವಾಗುವ ಉದ್ದನೆಯ ಹೆಸರು ಕಂಡರೆ ಅದು ಬೆವರು ತಡೆಯುವಂಥದ್ದು. ಟಾಲ್ಕ್, ಜಿಂಕ್ ಆಕ್ಸೈಡ್, ಮೆಗ್ನೀಶಿಯಂ ಹೈಡ್ರಾಕ್ಸೈಡ್, ಸೋಡಿಯಂ ಬೈಕಾರ್ಬೋನೇಟ್, ಪಿಷ್ಟ ಇವೆಲ್ಲ ಬಿಳಿ ಪುಡಿಗಳೇ. 'ನೈಸರ್ಗಿಕ', 'ಅಲ್ಯೂಮಿನಿಯಂ ರಹಿತ' ಎಂದು ಬರೆದ ಕ್ರೀಮುಗಳೂ ಕಪ್ಪು ಅಂಗಿಗೆ ಬಿಳಿ ಬಳಿಯುವುದು ಇದರಿಂದ. ಸೋಡಿಯಂ ಬೈಕಾರ್ಬೋನೇಟ್ ಎಂದರೆ ನಮ್ಮ ಅಡುಗೆ ಸೋಡಾ. ಅದು ಕ್ಷಾರೀಯ, ಚರ್ಮವೋ ತುಸು ಆಮ್ಲೀಯ. ಹಲವರಿಗೆ ಕಂಕುಳು ಕೆಂಪಗಾಗಿ ಉರಿಯುತ್ತದೆ.

ಇನ್ನು ರೂಪಗಳು. ಬಾಡಿ ಸ್ಪ್ರೇ ಎಂದು ಮಾರುವ ಬಹುಪಾಲು ಡಬ್ಬಿಗಳಲ್ಲಿ ಇರುವುದು ಆಲ್ಕೋಹಾಲ್, ಸುಗಂಧ, ಒತ್ತಿ ಹೊರದೂಡುವ ಅನಿಲ. ಕಲೆಯ ಭಯವಿಲ್ಲ, ಬೆವರಿಗೆ ಉಪಯೋಗವೂ ಇಲ್ಲ. ಬೆವರು ತಡೆಯುವ ಸ್ಪ್ರೇಗಳು ಬೇರೆ ಜಾತಿ: ಅವುಗಳಲ್ಲಿ ನುಣ್ಣನೆಯ ಪುಡಿ ತೇಲುತ್ತಿರುತ್ತದೆ. ಡಬ್ಬಿ ಅಲ್ಲಾಡಿಸದೆ, ಕಂಕುಳಿಗೆ ಆನಿಸಿ ಒತ್ತಿದರೆ ಒಂದೇ ಕಡೆ ಹಿಟ್ಟು ಎರಚಿದಂತಾಗುತ್ತದೆ. ಚೆನ್ನಾಗಿ ಕುಲುಕಿ, ಒಂದು ಗೇಣಿನಷ್ಟು ದೂರದಿಂದ ಎರಡು ಸೆಕೆಂಡ್ ಸಾಕು. ಯಾವ ಸ್ಪ್ರೇಯೇ ಆಗಲಿ, ದೇವರ ದೀಪದ ಬಳಿ, ಒಲೆಯ ಬಳಿ ಬೇಡ. ಒಳಗಿನ ಅನಿಲ ಹೊತ್ತಿಕೊಳ್ಳುವಂಥದ್ದು.

ರೋಲ್ ಆನ್‌ಗೆ ನನ್ನ ಮತ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ತೆಳ್ಳಗೆ ಹಚ್ಚಲು ಬರುತ್ತದೆ. 1952ರಲ್ಲಿ ಅಮೆರಿಕದಲ್ಲಿ ಬಂದ ಬ್ಯಾನ್ ಎಂಬ ರೋಲ್ ಆನ್‌ಗೆ ಬಾಲ್‌ಪೆನ್ನಿನ ತುದಿಯ ಗುಂಡೇ ಸ್ಫೂರ್ತಿ. ಆ ಮೂಲವನ್ನು ನೆನಪಿನಲ್ಲಿಟ್ಟರೆ ಬಳಕೆಯೂ ಸರಿಯಾಗುತ್ತದೆ: ಪೆನ್ನನ್ನು ಒತ್ತಿ ಗೀಚಿದರೆ ಶಾಯಿ ಕಾರುತ್ತದೆ, ಹಗುರವಾಗಿ ಎಳೆದರೆ ತೆಳ್ಳಗೆ ಬರುತ್ತದೆ. ಇದರ ಒಂದೇ ದೋಷ, ಆರಲು ಹೊತ್ತು ಬೇಕು.

ಸ್ಟಿಕ್‌ಗಳಲ್ಲಿ 'ಇನ್‌ವಿಸಿಬಲ್' ಎಂದು ಬರೆದಿರುವ ಬಗೆಯೊಂದಿದೆ. ಇದರಲ್ಲಿ ಮೋಸವೇನೂ ಇಲ್ಲ. ಸುಲಭವಾಗಿ ಹಾರಿಹೋಗದ ಎಣ್ಣೆಯಂಥ ದ್ರವಗಳನ್ನು ಸೇರಿಸಿರುತ್ತಾರೆ, ಅವು ಪುಡಿಯ ಕಣಗಳನ್ನು ಸದಾ ನೆನೆಸಿಟ್ಟಿರುತ್ತವೆ. ನೀರಿನ ಬದಲು ಎಣ್ಣೆಯಲ್ಲಿ ಕಲಸಿದ ವಿಭೂತಿ ಎಂದುಕೊಳ್ಳಿ. ಹತ್ತಿ ಬಟ್ಟೆಗೆ, ದಿನನಿತ್ಯದ ಅಂಗಿಗೆ ಇದು ಒಳ್ಳೆಯದು. ರೇಷ್ಮೆಗೆ ಬೇಡ: ಬಿಳಿ ಕಲೆ ತಪ್ಪಿತು ಎನ್ನುವಷ್ಟರಲ್ಲಿ ಜಿಡ್ಡಿನ ಕಲೆ ಬಂದಿರುತ್ತದೆ. ಪಾರದರ್ಶಕ ಜೆಲ್ ಸಿಕ್ಕಿದರೆ ಬಿಳಿಯ ಮಟ್ಟಿಗೆ ಅದು ಇನ್ನೂ ವಾಸಿ, ಅಂಟಂಟು ಸಹಿಸಬೇಕು ಅಷ್ಟೆ. ಇತ್ತೀಚೆಗೆ ಲ್ಯಾಕ್ಟಿಕ್, ಮ್ಯಾಂಡೆಲಿಕ್ ಮುಂತಾದ ಆಮ್ಲಗಳಿರುವ ನೀರಿನಂಥ ಡಿಯೋಡರೆಂಟುಗಳೂ ಸಿಗುತ್ತವೆ; ಪುಡಿಯಿಲ್ಲ, ಹಾಗಾಗಿ ಬಿಳಿಯೂ ಇಲ್ಲ. ಶೇವ್ ಮಾಡಿದ ದಿನ ಮಾತ್ರ ಹತ್ತಿರ ಸುಳಿಯಬೇಡಿ.

ಪಟಿಕದ ಮಾತು ಬಿಡುವಂತಿಲ್ಲ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ, ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಅದೇ ಕಲ್ಲು. ಒದ್ದೆ ಮಾಡಿ ಕಂಕುಳಿಗೆ ಎರಡು ಸಲ ಸವರಿದರೆ ವಾಸನೆಗೆ ಸಾಕಷ್ಟು ಕಡಿವಾಣ ಬೀಳುತ್ತದೆ, ತೆಳ್ಳಗಿರುವುದರಿಂದ ಕಲೆಯೂ ಅಪರೂಪ. ಇದನ್ನೇ ನುಣುಪಾಗಿ ಕೊರೆದು, ಪ್ಲಾಸ್ಟಿಕ್ ಹಿಡಿ ಹಾಕಿ, ಅಲ್ಯೂಮಿನಿಯಂ ರಹಿತ ಸ್ಫಟಿಕ ಎಂದು ಹಲವು ಪಟ್ಟು ಬೆಲೆಗೆ ಮಾರುವವರೂ ಇದ್ದಾರೆ. ಪಟಿಕ ಅಂದರೆ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಲವಣ. ರಹಿತವಾಗಿರುವುದು ಲೇಬಲ್ಲಿನಲ್ಲಿ ಮಾತ್ರ.

ಮನೆಯಲ್ಲೊಂದು ಪರೀಕ್ಷೆ

ಹೊಸ ಡಬ್ಬಿಯನ್ನು ನೇರವಾಗಿ ಒಳ್ಳೆಯ ಬಟ್ಟೆಯೊಡನೆ ಪರೀಕ್ಷಿಸಬೇಡಿ. ಕಪ್ಪು ಹತ್ತಿ ಬಟ್ಟೆಯ ಒಂದು ಚೂರು ಸಾಕು. ಹಳೆಯ ಛತ್ರಿಯ ಬಟ್ಟೆ ಬೇಡ, ಅದು ನೀರು ಹಿಡಿಯುವುದಿಲ್ಲ. ಮುಂಗೈಯ ಒಳಬದಿಗೆ ರೋಲ್ ಆನ್ ಅನ್ನು ಒಂದು ಸಲ ಎಳೆಯಿರಿ, ಪಕ್ಕದಲ್ಲಿ ಮೂರು ಸಲ ಎಳೆದ ಇನ್ನೊಂದು ಪಟ್ಟೆ. ಐದು ನಿಮಿಷ ಫ್ಯಾನಿನ ಕೆಳಗೆ ಕುಳಿತು, ಬಟ್ಟೆಯನ್ನು ಎರಡರ ಮೇಲೂ ಒತ್ತಿ ಒಂದು ಸುತ್ತು ತಿರುಗಿಸಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಒಂದು ಎಳೆತದ ಜಾಗ ಬಟ್ಟೆಯ ಮೇಲೆ ಏನನ್ನೂ ಬಿಡಲಿಲ್ಲ. ಮೂರು ಎಳೆತದ ಜಾಗ ಬೂದು ಬಣ್ಣದ ಉಂಗುರ ಬಿಟ್ಟಿತು. ಮುಂಗೈಯ ಆ ಪಟ್ಟೆಯನ್ನು ಉಗುರಿನಿಂದ ಕೆರೆದರೆ, ತಿಂಡಿಯ ಮೇಲಿನ ಒಣ ಸಕ್ಕರೆ ಪಾಕದಂತೆ ಬಿಳಿ ಪದರ ಎದ್ದು ಉದುರಿತು. ಡಬ್ಬಿ ಅದೇ, ಚರ್ಮ ಅದೇ, ವ್ಯತ್ಯಾಸ ಎರಡು ಎಳೆತದ್ದು.

ಹಚ್ಚುವ ಕ್ರಮ

ಬೆವರು ತಡೆಯುವ ಉತ್ಪನ್ನವಾದರೆ ರಾತ್ರಿ ಹಚ್ಚಿ. ಕೇಳಿದವರೆಲ್ಲ ಮೊದಲು ನಗುತ್ತಾರೆ, ಮಲಗಲು ಹೋಗುವಾಗ ಸೆಂಟು ಯಾರಿಗೆ ಎಂದು. ಆದರೆ ಚರ್ಮವೈದ್ಯರು ಹೇಳುವುದೂ ಇದನ್ನೇ. ರಾತ್ರಿ ಬೆವರು ಕಡಿಮೆ, ಆದ್ದರಿಂದ ಲವಣ ಕೊಚ್ಚಿಹೋಗದೆ ನಾಳದಲ್ಲಿ ಕೂರಲು ಸಮಯ ಸಿಗುತ್ತದೆ. ಒಳಗೆ ಕೂತ ಬಿರಡೆ ಬೆಳಗಿನ ಸ್ನಾನಕ್ಕೆ ಹೋಗುವುದಿಲ್ಲ. ಮೇಲೆ ಉಳಿದ ಪುಡಿ ಹೋಗುತ್ತದೆ. ನಮಗೆ ಬೇಕಾದದ್ದು ಉಳಿದು ಬೇಡವಾದದ್ದು ತೊಳೆದುಹೋಗುವ ಇಂಥ ಏರ್ಪಾಡು ಮನೆಗೆಲಸದಲ್ಲಿ ಬೇರೆಲ್ಲೂ ನಾನು ಕಂಡಿಲ್ಲ. ಬೆಳಿಗ್ಗೆ ಸುಗಂಧ ಬೇಕೆನಿಸಿದರೆ ಬಾಡಿ ಸ್ಪ್ರೇ ಹಾಕಿಕೊಳ್ಳಿ. ಮದುವೆ, ಭಾಷಣ, ಸಂದರ್ಶನದಂಥ ದಿನವಿದ್ದರೆ ಹಿಂದಿನ ಎರಡು ಮೂರು ರಾತ್ರಿಯಿಂದಲೇ ಆರಂಭಿಸಿ.

ಬೆಳಿಗ್ಗೆಯೇ ಹಚ್ಚುವುದಾದರೆ ಹೀಗೆ ಮಾಡಿ. ಸ್ನಾನದಲ್ಲಿ ಕಂಕುಳಿಗೆ ಸೋಪು ಹಾಕಿ ಬೆರಳಿನಿಂದ ಚೆನ್ನಾಗಿ ಉಜ್ಜಿ. ನಿನ್ನೆಯ ಪದರದ ಮೇಲೆ ಇಂದಿನದು ಕೂತರೆ ಅದೇ ಉದುರುವುದು. ಕೂದಲು ಉದ್ದವಿದ್ದರೆ ಕತ್ತರಿಸಿಕೊಳ್ಳಿ, ಪೂರ್ತಿ ತೆಗೆಯಬೇಕೆಂದೇನಿಲ್ಲ. ಕೂದಲಿನ ಎಳೆಎಳೆಗೂ ಉತ್ಪನ್ನ ಮೆತ್ತಿಕೊಂಡು, ಚರ್ಮಕ್ಕೆ ತಲುಪದೆ, ಕೊನೆಗೆ ಬಟ್ಟೆಗೇ ಸೇರುತ್ತದೆ. ಟವೆಲಿನಿಂದ ಒತ್ತಿ ಒರೆಸಿ, ಒಂದೆರಡು ನಿಮಿಷ ಗಾಳಿಗೆ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದ್ದು ನೀರಿನೊಡನೆ ಜಾರಿ ಪಕ್ಕೆಯವರೆಗೂ ಇಳಿಯುತ್ತದೆ. ಅಲ್ಲಿ ಅದಕ್ಕೆ ಕೆಲಸವೂ ಇಲ್ಲ.

ರೋಲ್ ಆನ್ ಆದರೆ ಮೇಲೊಂದು, ಕೆಳಗೊಂದು ಎಳೆತ, ಹಗುರವಾಗಿ. ಸ್ಟಿಕ್ ಆದರೆ ಡಬ್ಬಿಯ ಅಂಚಿನಿಂದ ಕಡಲೆಬೇಳೆಯ ದಪ್ಪದಷ್ಟೂ ಮೇಲೆ ಬರಬಾರದು. ಹೆಚ್ಚು ಹೊರಬಂದರೆ ಚೂರು ಮುರಿದು ಕಂಕುಳಲ್ಲಿ ಉಂಡೆಯಾಗುತ್ತದೆ. ಇನ್ನೂ ಬೇಕೆಂದು ಮನಸ್ಸು ಹೇಳುತ್ತದೆ, ಕೇಳಬೇಡಿ. ಯಾವ ಆ್ಯಂಟಿಪರ್ಸ್ಪಿರಂಟೂ ಬೆವರನ್ನು ಪೂರ್ತಿ ನಿಲ್ಲಿಸುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಟ್ಟಿರುವ ಅಳತೆಯಲ್ಲಿ ಬೆವರು ಶೇ 20ರಷ್ಟು ತಗ್ಗಿದರೆ ಸಾಮಾನ್ಯ ಉತ್ಪನ್ನ ಪಾಸು, ಶೇ 30 ತಗ್ಗಿದರೆ ಹೆಚ್ಚಿನ ಪರಿಣಾಮದ್ದು. ಎರಡನೆಯ ಲೇಪನ ಆ ಅಂಕಿಯನ್ನು ಏರಿಸುವುದಿಲ್ಲ, ಅಂಗಿಯ ಕಲೆಯನ್ನು ಏರಿಸುತ್ತದೆ.

ಈಗ ಕಾಯುವುದು. ಎಲ್ಲರೂ ತಪ್ಪುವುದು ಇಲ್ಲೇ. ಬೆಂಗಳೂರಿನ ಚಳಿಗಾಲದ ಬೆಳಿಗ್ಗೆ ಫ್ಯಾನಿನ ಕೆಳಗೆ ಮೂರು ನಾಲ್ಕು ನಿಮಿಷಕ್ಕೆ ಆರುವುದು, ಮಂಗಳೂರಿನ ಮೇ ತಿಂಗಳಲ್ಲಿ ಹತ್ತು ನಿಮಿಷವಾದರೂ ಪಿಚಪಿಚ ಎನ್ನುತ್ತಿರುತ್ತದೆ. ಕರಾವಳಿಯಲ್ಲಿ ಸ್ನಾನದ ಮನೆಯಿಂದ ಹೊರಬರುವಷ್ಟರಲ್ಲೇ ಬೆವರು ಶುರು. ಅಲ್ಲಿನವರಿಗೆ ರಾತ್ರಿಯ ಕ್ರಮವೇ ಗತಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯಲ್ಲಿಟ್ಟು ಬಳಸಬಹುದು. ಕೈಯನ್ನು ಗಾಳಿಯಲ್ಲಿ ಎತ್ತಿ ನಿಲ್ಲಬೇಕಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತರೆ ಸಾಕು. ತಲೆ ಬಾಚಿಕೊಳ್ಳುವುದು, ಕೆಳಗಿನ ಉಡುಪು ಉಡುವುದು ಎಲ್ಲ ಈ ಹೊತ್ತಿನಲ್ಲೇ ಮುಗಿಯುತ್ತದೆ. ಆರಿದೆಯೇ ಎಂದು ನೋಡಲು ಬೆರಳಿನ ಹಿಂಭಾಗ ತಾಗಿಸಿ: ಅಂಟಿದರೆ ಇನ್ನೂ ಹೊತ್ತಿದೆ.

ಪೌಡರ್ ಬೇಡ. ಒಣಗಿಸುತ್ತದೆ ಎಂಬ ಆಸೆಯಿಂದ ತಟ್ಟುತ್ತೇವೆ, ಅದು ಹಸಿ ರೋಲ್ ಆನ್‌ನೊಡನೆ ಸೇರಿ ದೋಸೆ ಹಿಟ್ಟಾಗುತ್ತದೆ. ಶೇವ್ ಮಾಡಿದ ಕೂಡಲೇ ಯಾವುದನ್ನೂ ಹಚ್ಚಬೇಡಿ. ಗೀರಿಗೆ ಉಪ್ಪು ಸವರಿದಂತೆ ಉರಿಯುತ್ತದೆ. ಶೇವ್ ರಾತ್ರಿ, ಡಿಯೋಡರೆಂಟ್ ಮರುದಿನ.

ತೊಡುವಾಗ

ಕಲೆ ಅಂಗಿಯ ಒಳಗಲ್ಲದೆ ಹೊರಮೈಯಲ್ಲಿ, ಪಕ್ಕೆಯ ಹತ್ತಿರ ಬಿದ್ದಿದ್ದರೆ ಅದು ತೊಡುವಾಗ ಆದದ್ದು. ಟಿ ಶರ್ಟ್, ಕುರ್ತಾದಂಥ ತಲೆಯಿಂದ ಹಾಕುವ ಬಟ್ಟೆಯ ಕೆಳ ಅಂಚನ್ನು ಹೊರಕ್ಕೆ ಮಡಿಸುತ್ತಾ ಎದೆಯ ಮಟ್ಟದವರೆಗೆ ಸುತ್ತಿಕೊಳ್ಳಿ. ತಲೆ, ತೋಳು ತೂರಿಸಿದ ಮೇಲೆ ಕೆಳಕ್ಕೆ ಬಿಚ್ಚಿ. ತಾಗಿದರೂ ಒಳಮೈ ತಾಗುತ್ತದೆ. ಗುಂಡಿಯ ಅಂಗಿಯನ್ನು ಮೊದಲೇ ತೊಟ್ಟು, ಮೇಲಿನ ಗುಂಡಿ ಬಿಚ್ಚಿ, ಒಳಗೆ ಕೈ ಹಾಕಿ ಹಚ್ಚುವವರಿದ್ದಾರೆ. ನನಗೆ ಅದು ಎಂದೂ ಸರಿಹೋಗಲಿಲ್ಲ, ಅಂಗಿಯ ತೋಳಿಗೇ ರೋಲ್ ಆನ್‌ನ ಗುಂಡು ತಾಗುತ್ತದೆ.

ವಕೀಲರ ಕಪ್ಪು ಕೋಟಿಗೆ ಬಿಳಿ ತಾಗುವುದು ಅಪರೂಪ, ನಡುವೆ ಬಿಳಿ ಅಂಗಿ ಇರುತ್ತದೆ. ಅವರ ಕಷ್ಟ ಆ ಬಿಳಿ ಅಂಗಿಯ ಹಳದಿ ಕಂಕುಳು. ಅಲ್ಯೂಮಿನಿಯಂ ಲವಣ ಮತ್ತು ಬೆವರು ಸೇರಿ ಕಾಲಕ್ರಮೇಣ ಕಟ್ಟುವ ಬಣ್ಣ ಅದು. ಒಗೆಯುವಾಗ ಬ್ಲೀಚಿಂಗ್ ಪೌಡರ್ ಹಾಕಿದರೆ ಹಳದಿ ಇನ್ನೂ ಗಾಢವಾಗುತ್ತದೆ. ಅಲ್ಯೂಮಿನಿಯಂ ಇಲ್ಲದ ಉತ್ಪನ್ನಕ್ಕೆ ಬದಲಾದರೆ ಅರ್ಧ ಗೆದ್ದಂತೆ.

ಸೀರೆಯ ಕುಪ್ಪಸದ ವಿಷಯ ಬೇರೆ. ತೋಳು ಮೈಗೆ ಅಂಟಿಕೊಂಡಿರುತ್ತದೆ, ದಿನವಿಡೀ ಉಜ್ಜುತ್ತಲೇ ಇರುತ್ತದೆ. ಹೊಲಿಸುವಾಗಲೇ ಹತ್ತಿ ಲೈನಿಂಗ್ ಹಾಕಿಸಿ. ಅದರ ಜೊತೆಗೆ, ಹಳೆಯ ಮೆತ್ತನೆಯ ಪಂಚೆಯ ಬಟ್ಟೆಯನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಎರಡು ಪದರ ಸೇರಿಸಿ, ಕಂಕುಳ ಹೊಲಿಗೆಯ ಮೇಲೆ ನಾಲ್ಕು ಕಡೆ ಸಡಿಲವಾಗಿ ಕೈ ಹೊಲಿಗೆ ಹಾಕಿ. ಸಮಾರಂಭ ಮುಗಿದ ಮೇಲೆ ದಾರ ಕತ್ತರಿಸಿ ತೆಗೆದು ಒಗೆದರಾಯಿತು, ರೇಷ್ಮೆಗೆ ನೀರು ತಾಗಿಸಬೇಕಿಲ್ಲ.

ಕಲೆ ಆಗಿಯೇ ಹೋದರೆ

ಕೂಡಲೇ ಒದ್ದೆ ಮಾಡಬೇಡಿ. ಒಣ ಪುಡಿಯನ್ನು ಒಣಗಿದ್ದಾಗಲೇ ಉದುರಿಸಬೇಕು. ಹಳೆಯ ನೈಲಾನ್ ಕಾಲುಚೀಲ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ಅದೇ ಅಂಗಿಯ ಒಳಮೈಯನ್ನು ಕಲೆಯ ಮೇಲೆ ಮಡಚಿ ಸಣ್ಣದಾಗಿ ಉಜ್ಜಿ. ಕಚೇರಿಯಲ್ಲಿದ್ದರೆ ಒಣ ಕರವಸ್ತ್ರವೂ ನಡೆಯುತ್ತದೆ. ಹೊಸ ಕಲೆ ಬಹುತೇಕ ಇಷ್ಟಕ್ಕೇ ಹೋಗುತ್ತದೆ. ಸ್ಟಿಕ್ಕಿನ ಮೇಣವಿದ್ದರೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ, ಹದಿನೈದು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗಿನಿಂದ ತಿಕ್ಕಿ ತೊಳೆಯಿರಿ. ಪದರ ಕಟ್ಟಿದ ಹಳೆಯ ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮವಾಗಿ ಬೆರೆಸಿ ಅರ್ಧ ಗಂಟೆ ನೆನೆಸಬಹುದು, ಬಣ್ಣ ಬಿಡುತ್ತದೆಯೇ ಎಂದು ಒಳ ಹೊಲಿಗೆಯ ಬಳಿ ನೋಡಿಕೊಂಡ ಮೇಲೆ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮುಟ್ಟಿಸಬೇಡಿ, ಬಿಸಿಗೆ ಅದು ಗಟ್ಟಿಯಾಗಿ ಕೂರುತ್ತದೆ.

ಚರ್ಮ ಕೆಂಪಾದರೆ, ತುರಿಸಿದರೆ ಆ ಉತ್ಪನ್ನ ನಿಲ್ಲಿಸಿ. ಮೂತ್ರಪಿಂಡದ ಕಾಯಿಲೆ ಇರುವವರು ಅಲ್ಯೂಮಿನಿಯಂ ಇರುವುದನ್ನು ಬಳಸುವ ಮೊದಲು ವೈದ್ಯರನ್ನು ಕೇಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸ್ತನ ಕ್ಯಾನ್ಸರಿನ ಸಂದೇಶಗಳಿಗೆ ಇದುವರೆಗಿನ ಸಂಶೋಧನೆ ಆಧಾರ ಕೊಟ್ಟಿಲ್ಲ. ಕೂತಲ್ಲೇ ಅಂಗಿ ತೊಯ್ಯುವಷ್ಟು ಬೆವರುತ್ತಿದ್ದರೆ ಡಬ್ಬಿ ಬದಲಿಸುತ್ತಾ ಕೂರದೆ ಚರ್ಮವೈದ್ಯರ ಬಳಿ ಹೋಗಿ, ಅದಕ್ಕೆ ಬೇರೆ ಚಿಕಿತ್ಸೆಗಳಿವೆ.

ರೇಷ್ಮೆಗೆ ಮೇಲಿನ ಯಾವ ನೀರಿನ ಉಪಾಯವೂ ಬೇಡ. ಛತ್ರದಲ್ಲಿ ನಾನು ಗಾಬರಿಯಿಂದ ಒದ್ದೆ ಕರವಸ್ತ್ರದಲ್ಲಿ ಉಜ್ಜಿದ್ದೆ. ಬಿಳಿ ಪಟ್ಟೆಯ ಸುತ್ತ ನೀರಿನ ಕಲೆಯೂ ಸೇರಿ ಎರಡಾಯಿತು. ಡ್ರೈ ಕ್ಲೀನಿಂಗ್‌ನಿಂದಲೂ ನೀರಿನ ಅಂಚು ಹೋಗಲಿಲ್ಲ. ಕೊನೆಗೆ ದರ್ಜಿ ತೋಳು ಬಿಚ್ಚಿ, ಕುಪ್ಪಸದ ಬಟ್ಟೆಯಲ್ಲಿ ಉಳಿದಿದ್ದ ಅಂಗೈಯಗಲದ ತುಂಡಿನಿಂದ ಕಂಕುಳಿಗೆ ತೇಪೆ ಕೊಟ್ಟರು. "ಕೈ ಎತ್ತದಿದ್ದರೆ ಗೊತ್ತಾಗುವುದಿಲ್ಲ ಮೇಡಂ" ಎಂದರು. ನಿಜ, ಗೊತ್ತಾಗುವುದಿಲ್ಲ. ಹೊಸ ತುಂಡಿನ ಹಸಿರು ಮಾತ್ರ ಒಂದು ಎಳೆ ಹೆಚ್ಚು ಗಾಢ.